ಜಗತ್ತನ್ನೇ ಸೋಸಿದ ಮಾವ

ನಮ್ಮ ಸೋದರಮಾವ ಯಾರ ಮನೆಯಲ್ಲೂ ಮರ್ಯಾದೆಯಿಂದ ಒಂದು ಲೋಟ ನೀರು ಕುಡಿದವನಲ್ಲ! ಕೊಟ್ಟ ನೀರನ್ನು ಬೆಳಕಿಗೆ ಹಿಡಿಯುತ್ತಿದ್ದ, ಕಣ್ಣು ಕಿರಿದು ಮಾಡುತ್ತಿದ್ದ, ಜೇಬಿನಿಂದ ಬಿಳಿ ಬಟ್ಟೆ ತೆಗೆದು ಇನ್ನೊಂದು ಲೋಟಕ್ಕೆ ಸೋಸುತ್ತಿದ್ದ. ಕೊಟ್ಟವರ ಮುಖ ಸಣ್ಣಗಾದರೆ ಅದು ಅವರ ಕರ್ಮ.

ಕಾರಣವಿತ್ತು. ಎಪ್ಪತ್ತರ ದಶಕದಲ್ಲಿ ನಮ್ಮ ಮಾನ್ವಿ ಸೀಮೆಗೆ ನಾರುಹುಣ್ಣು ನೆಂಟನಂತೆ ಪ್ರತಿ ಬೇಸಿಗೆಗೂ ಬರುತ್ತಿತ್ತು. ಬಾವಿಯ ನೀರಿನಲ್ಲಿ ಕಂಡೂ ಕಾಣದ ಚಿಗಟದಂಥ ಜೀವಿ, ಅದರ ಹೊಟ್ಟೆಯಲ್ಲಿ ನಾರಿನ ಮರಿ. ಇಂದು ಕುಡಿದರೆ ವರ್ಷದ ಮೇಲೆ ಕಾಲಿನಿಂದ ಮೊಳದುದ್ದದ ಹುಳು ದಾರದಂತೆ ಹೊರಗೆ! ಉರಿ ತಾಳದೆ ಜನ ಕಾಲನ್ನು ಅದೇ ಬಾವಿಯಲ್ಲಿ ಅದ್ದುತ್ತಿದ್ದರು. ಹುಳು ಅಲ್ಲೇ ಮರಿ ಬಿಡುತ್ತಿತ್ತು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ಯುದ್ಧಗಳ ಬಗ್ಗೆ ಬಹಳ ಓದಿದ್ದೆ. ಏಟಿಗೆ ಒಂದು ವರ್ಷ ಬಿಟ್ಟು ಉತ್ತರ ಕೊಡುವ ಶತ್ರುವಿನ ಬಗ್ಗೆ ಎಲ್ಲೂ ಓದಿರಲಿಲ್ಲ.

ಈ ಶತ್ರುವಿನ ಮೇಲೆ ಏರಿಹೋದದ್ದು ಮಾನ್ವಿಯ ಐದು ಮಂದಿಯ ಸಂಘ. ಶಾಲಾ ಮಾಸ್ತರನಾದ ಮಾವ ಅಧ್ಯಕ್ಷ, ದರ್ಜಿಯೊಬ್ಬನ ಅಂಗಡಿ ಕಚೇರಿ. ರಾಯಚೂರಿನಿಂದ ಬಟ್ಟೆ ತಂದು ‘ರೋಗ ನಿವಾರಣಾ ಸಂಘ’ ಎಂದು ದಾರದಲ್ಲಿ ಹೊಲಿಸಿ ಬ್ಯಾನರ್ ಕಟ್ಟಿದರು. ನೀರು ಸೋಸಲೆಂದು ಮನೆಮನೆಗೆ ಹಂಚುವ ಬಟ್ಟೆ ವಾರದಲ್ಲೇ ಮುಗಿಯಿತು. ಮಾವ ಬ್ಯಾನರನ್ನೇ ಇಳಿಸಿ ಪದಕ್ಕೊಂದರಂತೆ ಮೂರು ತುಂಡು ಮಾಡಿಸಿದ! ಮೊದಲ ತುಂಡು ಸಿಕ್ಕ ಹೆಂಗಸು ಓದಿ ನೋಡಿ ಬಾಗಿಲಲ್ಲೇ ತಡೆದಳು: “ರೋಗ ನಮಗ್ಯಾಕ್ರೀ ಮಾಸ್ತರ? ಬಾಜೂ ಮನಿಯವ್ರಿಗೆ ಕೊಡ್ರಿ. ನಮಗ ನಿವಾರಣಾ ಕೊಡ್ರಿ!”

ನಮ್ಮಣ್ಣನಿಗೆ ಹೆಣ್ಣು ನೋಡಲು ದೇವದುರ್ಗಕ್ಕೆ ಹೋದಾಗ ಹುಡುಗಿ ನಾಚುತ್ತ ಪಾನಕ ತಂದಳು. ಮಾವ ಜೇಬಿಗೆ ಕೈ ಹಾಕಿದ. ನಾವು ಕಣ್ಣು ಮುಚ್ಚಿಕೊಂಡೆವು.

“ನಮ್ಮ ಮನಿ ನೀರಿಗೆ ಏನಾಗ್ಯಾದ್ರೀ?” ಎಂದರು ಹುಡುಗಿಯ ತಂದೆ.

“ಇಲ್ಲಿ ಬರ್ರಿ, ಬಿಸಲಾಗ ನೋಡ್ರಿ. ಹ್ಯಾಂಗ ಜಿಗಿಯಾಕತ್ತಾವ!”

ಸಂಬಂಧ ಮುರಿಯಿತು. ಆದರೆ ಅಂದಿನಿಂದ ಆ ಮನೆಯವರು ನೀರು ಸೋಸತೊಡಗಿದರು. ಅಣ್ಣನಿಗೆ ಹೆಣ್ಣು ತಪ್ಪಿತು, ಮಾವನಿಗೆ ಒಂದು ಮನೆ ಸಿಕ್ಕಿತು!

ಆ ಬೇಸಿಗೆ ರಜೆಯಲ್ಲಿ ಮಾವ ಮಲ್ಲಟವೆಂಬ ಹಳ್ಳಿಯ ಮೆಟ್ಟಿಲಬಾವಿಗೆ ಅಡ್ಡ ಕೂತ. ಕೂಲಿಯವರ ಕೇರಿಗೆ ಅದೊಂದೇ ಬಾವಿ. ನಾರಿನ ಕಾಲು ನೀರಿಗಿಳಿಯದಿದ್ದರೆ ಮುಂದಿನ ವರ್ಷ ಕೇರಿಯಲ್ಲಿ ನಾರೇ ಇರದು ಎಂಬುದು ಅವನ ಪಣ. ಮೊದಲ ದಿನವೇ ಒಬ್ಬ ಮುದುಕಿ ಕುಂಟುತ್ತ ಬಂದಳು.

“ಸರಿ ಅತ್ಲಾಗ! ಕಾಲು ಉರಿಯಾಕತ್ತಾದ.”

“ಬ್ಯಾಡ ಯವ್ವಾ. ನೀ ಕೂಡು, ನಾ ನೀರು ತರ್ತೀನಿ.”

“ಬಾವಿ ನಿಮ್ಮಪ್ಪ ತೋಡ್ಸ್ಯಾನೇನಲೇ?”

“ನಮ್ಮಪ್ಪ ತೋಡ್ಸಿದ್ರ ಇಳಿಯಾಕ ಪಾವಟಿಗೀನ ಇಡ್ತಿದ್ದಿಲ್ಲ ಬೇ!”

ಕೊಡದಲ್ಲಿ ನೀರು ಹೊತ್ತು ತಂದು, ಬಾವಿಯಿಂದ ದೂರ, ಅವಳ ಕಾಲಿಗೆ ಸುರಿದ. ಮರುದಿನ ಕೇರಿಯ ಕುಂಟರೆಲ್ಲ ಪಂಕ್ತಿ ಊಟಕ್ಕೆ ಕೂತಂತೆ ಕಾಲು ಚಾಚಿ ಕೂತರು. “ಮಾಸ್ತರ, ಇತ್ತಾಗ ಇನ್ನೊಂದ್ ಚೂರು!” ಎಂದು ಬಡಿಸಿಕೊಳ್ಳುವುದು ಬೇರೆ. ಹೀಗೆ ಎಷ್ಟು ದಿನ? ರಜೆಯ ಉದ್ದಕ್ಕೂ ಎನ್ನುತ್ತದೆ ನನ್ನ ನೆನಪು. ನನ್ನ ಆಗಿನ ಡೈರಿಯಲ್ಲಿರುವುದು ಹನ್ನೊಂದೇ ದಿನ. ನೆನಪು ಏನನ್ನೂ ಸೋಸುವುದಿಲ್ಲ, ಹಾಗಾಗಿ ಡೈರಿಯನ್ನೇ ನಂಬಿ.

ಅಷ್ಟರಲ್ಲೇ ಶಾಲೆ ತೆರೆಯಿತು. ನಾರು ಹೊರಬರುವುದು ಇನ್ನೂ ನಿಂತಿರಲಿಲ್ಲ. ಮಾವ ಬಾವಿ ಬಿಟ್ಟು ಮಾನ್ವಿಗೆ ಮರಳಲೇಬೇಕಾಯಿತು. “ಎಲ್ಲಾ ನೀರಾಗ ಹೋತು” ಎಂದು ವರ್ಷವಿಡೀ ಹಲುಬಿದ. ಮುಂದಿನ ಬಿಸಿಲು ಏರುತ್ತಲೇ ನನ್ನನ್ನೂ ಎಳೆದುಕೊಂಡು ಮಲ್ಲಟಕ್ಕೆ ಹೋದ. ಮನೆಮನೆಗೆ ಹೊಕ್ಕು ಎಲ್ಲರ ಕಾಲು ನೋಡಿದ. ಒಬ್ಬರಿಗೂ ನಾರಿರಲಿಲ್ಲ! ನಂಬದೆ ಇನ್ನೊಂದು ಸುತ್ತು ನೋಡಿದ. ಇಲ್ಲ!

ಬಾವಿಗೆ ಬಂದೆವು. ಮೇಲಿನ ಮೆಟ್ಟಿಲ ಮೇಲೆ ಆ ಮುದುಕಿ ಬಡಿಗೆ ಅಡ್ಡ ಇಟ್ಟುಕೊಂಡು ಕೂತಿದ್ದಳು.

“ನೀವು ಹ್ವಾದ ಮರುದಿನದಿಂದ ಇಲ್ಲೇ ಕುಂತಾಳ್ರೀ,” ಎಂದಳು ಕೊಡ ಹೊತ್ತ ಹೆಂಗಸೊಬ್ಬಳು. “ನಾರು ಇದ್ದವ್ರು ಇಳದ್ರ ಬಡಿಗಿ ಎತ್ತತಿದ್ಳು. ಆ ಬೈಗಳಾ, ಯಪ್ಪಾ!”

ಮುದುಕಿ ಮಾವನನ್ನು ದಿಟ್ಟಿಸಿದಳು. “ನೀ ಬರೂತನಕ ಅಂತ ಕುಂತೆ. ನೀ ಎಲ್ಲಿ ಬಂದಿ?”

ಊರೂರಲ್ಲಿ ವಾದ ಮಾಡಿದ ಮಾವ ಅಲ್ಲೇ ಕುಸಿದು, ಅವಳ ಕಾಲಿನ ಒಣಗಿದ ಕಲೆಗೆ ಹಣೆ ಹಚ್ಚಿದ. ಹಿಂದೆ ಕೊಡ ಹಿಡಿದವರ ಸಾಲು ಬೆಳೆಯುತ್ತಿತ್ತು.

ಮುದುಕಿ ಅವನ ತಲೆಯ ಮೇಲೆ ಕೈ ಇಟ್ಟಳು.

“ಏಳೋ ಮಾಸ್ತರ. ನೀರಿಗೆ ಬಂದವ್ರು ನಿಂತಾರ, ದಾರಿ ಬಿಡು.”