ಕಪ್ಪೆ ಕಷಾಯವನ್ನು ಮತ್ತೆ ಚಾಲ್ತಿಗೆ ತರುವ ಕುರಿತು

ಇಂದ: ಈ ಮನೆಯ ಸೊಸೆ, ಒಲೆಯ ಪಕ್ಕ.
ಗೆ: ಕುಡಿಯುವ ನೀರಿನ ಹೂಜಿಯವರು, ಅಡುಗೆಮನೆಯ ಮೂಲೆ.
ವಿಷಯ: ನೀರಿಗೆ ಮಾವನವರು ಇಟ್ಟಿದ್ದ ಹೆಸರುಗಳನ್ನು ಮರಳಿ ಕೊಡಿಸುವ ಬಗ್ಗೆ.
ಉಲ್ಲೇಖ: ನನ್ನ ಯಜಮಾನರ ಮೌಖಿಕ ಆದೇಶ.

ಮಾನ್ಯರೇ,

ತಮ್ಮ ಕುತ್ತಿಗೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಳ ಉಜ್ಜುತ್ತಿರುವ ಈ ಸ್ಥಿತಿಯಲ್ಲೇ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಮಾವನವರು ಹೋಟೆಲಿನಲ್ಲಿ ಮಾಣಿಯಾಗಿದ್ದವರು. ಬರಿಗೈಯಲ್ಲಿ ಬಂದು ಬರೀ ನೀರು ಕೇಳುವವರ ಮಾನ ಉಳಿಯಲೆಂದು ಒಳಗೆ ತಿರುಗಿ, "ಒಂದು ಬಾವಿ ಶರಬತ್ತು! ಒಂದು ಮೋಡದ ಹಾಲು!" ಎಂದು ಆರ್ಡರ್ ಕೂಗುತ್ತಿದ್ದರು. ಆ ಕಾರಣ ಅಂಥವರೂ ಗಿರಾಕಿಗಳ ಹಾಗೆ ಕಾಲ ಮೇಲೆ ಕಾಲು ಹಾಕಿ ಕುಡಿದು ಹೋಗುತ್ತಿದ್ದರು. ಮನೆಯಲ್ಲೂ ಅದೇ ರೂಢಿ ಮುಂದುವರಿದಿತ್ತು.

೨. ಹೀಗಿರಲಾಗಿ, ಯಜಮಾನರ ಮೇಲಧಿಕಾರಿ ಪತ್ನೀಸಮೇತ ಬಂದ ದಿನ ಮಾವ ಪಡಸಾಲೆಯಿಂದ, "ಏನಮ್ಮಾ ಸೊಸೆ, ಸಾಹೇಬ್ರಿಗೆ ಬಾವಿ ಶರಬತ್ತು, ಅಮ್ಮಾವ್ರಿಗೆ ಸ್ಟ್ರಾಂಗಾಗಿ ಒಂದು ಕಪ್ಪೆ ಕಷಾಯ!" ಎಂದು ಕೂಗಿದರು. ಅಮ್ಮಾವ್ರು ಲೋಟದೊಳಗೆ ಇಣುಕಿ, "ನಂಗೆ ಈಗ್ತಾನೇ ಆಯ್ತು" ಎಂದು ಎದ್ದೇಬಿಟ್ಟರು.

೩. ಆದ್ದರಿಂದ ಯಜಮಾನರು, "ಮಾಣಿ ಮಗ ಅಂತ ಡಂಗುರ ಹೊಡೀಬೇಕಾ ಅಪ್ಪ? ಇನ್ಮೇಲೆ ನೀರಿಗೆ ನೀರು ಅನ್ನಿ, ಸಾಕು" ಎಂದು ಆದೇಶಿಸಿದರು. "ಆಯ್ತಪ್ಪ" ಎಂದ ಮಾವ ಅಂದಿನಿಂದ ನೀರನ್ನೇ ಕೇಳಿಲ್ಲ. ಕೊಟ್ಟರೆ ತುಟಿಗೆ ತಾಗಿಸಿ ಇಡುತ್ತಾರೆ.

೪. ಡಾಕ್ಟರು ಅವರ ನಾಲಿಗೆ ನೋಡಿ, "ಏನಜ್ಜ, ಒಂಟೆ ಜೊತೆ ಪಂದ್ಯ ಕಟ್ಟಿದ್ದೀರಾ? ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕ್ಬೇಕಾಗತ್ತೆ" ಎಂದರು. ತಮಾಷೆಯ ಮಾತಿಗೆ ಮಾವ ನಗದೇ ಇದ್ದದ್ದು ಅದೇ ಮೊದಲು.

೫. ಇದು ಕಡತಕ್ಕೆ ಬೇಡ. ಮಾವ ಕೂಗುವುದನ್ನು ನಿಲ್ಲಿಸಿದ ಮೇಲೆ, ಅಡುಗೆಮನೆಯಲ್ಲಿ ನಾನೂ ಇದ್ದೇನೆಂಬುದು ಪಾತ್ರೆ ಬಿದ್ದಾಗ ಮಾತ್ರ ಮನೆಯವರಿಗೆ ಗೊತ್ತಾಗುತ್ತಿದೆ.

ಆದಕಾರಣ, ಇಂದು ಯಜಮಾನರ ಸ್ಕೂಟರ್ ತಿರುವು ದಾಟಿದ ಕೂಡಲೇ, ಒರೆಸುವ ಬಟ್ಟೆಯನ್ನು ಹೆಗಲಿಗೇರಿಸಿ ಮಾವನ ಕುರ್ಚಿಯ ಮುಂದೆ ನಿಂತು, "ಏನ್ ಕೊಡ್ಲಿ ಸ್ವಾಮಿ? ಮೋಡದ ಹಾಲಿದೆ, ಕಪ್ಪೆ ಕಷಾಯ ಈಗಷ್ಟೇ ಇಳಿಸಿದ್ದು" ಎಂದು ಕೇಳುವುದಾಗಿ ತೀರ್ಮಾನಿಸಿರುತ್ತೇನೆ. ಈ ತೀರ್ಮಾನ ತಮ್ಮ ಹೊರತು ಯಾರಿಗೂ ತಿಳಿದಿರುವುದಿಲ್ಲ.

ತಮ್ಮ ತಳ ಬಲ್ಲ ವಿಶ್ವಾಸಿ,
ಸೊಸೆ

ಲಗತ್ತು: ಮಾವನವರ ಲೋಟ, ನಿನ್ನೆ ತುಂಬಿಸಿಟ್ಟದ್ದು, ತುಂಬಿದಂತೆಯೇ.

ವಿ.ಸೂ.: ಯಜಮಾನರು ಮನೆಯಲ್ಲಿರುವ ವೇಳೆ ತಮ್ಮೊಳಗಿರುವುದು ದಯವಿಟ್ಟು ಬರೀ ನೀರಾಗಿಯೇ ಇರತಕ್ಕದ್ದು.