ಒಳಗೊಬ್ಬ ಟಿ, ಹೊರಗೊಬ್ಬ ಟಿ

ವರ್ಷಾನುಗಟ್ಟಲೆ ಪಾಠ ಮಾಡಿದವನಿಗೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ದಾವಣಗೆರೆಯ ಕಾಲೇಜೊಂದರಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ನಾನು ಕಳೆದ ವಾರ ಶೋಭಾ ಎಂಬ ವಿದ್ಯಾರ್ಥಿನಿಯ ಉತ್ತರಕ್ಕೆ ಸೊನ್ನೆ ಸುತ್ತಿದೆ. ವಿಷಯ ಇಷ್ಟೇ. ಪ್ರೋಗ್ರಾಮಿನಲ್ಲಿ ‘ಡಬ್ಬಿ’ ಎಂಬ ಕ್ಲಾಸು, ಅಂದರೆ ಒಂದು ಅಚ್ಚು, ಬರೆಯುತ್ತೇವೆ. ಅದಕ್ಕೆ ಅಕ್ಕಿ ತುಂಬುತ್ತೇವೋ ಬೇಳೆಯೋ, ಆಮೇಲೆ ಹೇಳಿದರಾಯಿತು. ಅಲ್ಲಿಯವರೆಗೆ ತುಂಬುವ ಸಾಮಾನಿನ ಹೆಸರು ‘ಟಿ’. ಆ ಕ್ಲಾಸಿನ ಹೊಟ್ಟೆಯಲ್ಲಿ ಇನ್ನೊಂದು ಪುಟ್ಟ ಕ್ಲಾಸು. ಅದರ ಹೆಸರಿನ ಮುಂದೆಯೂ ಮತ್ತೆ ಟಿ ಬರೆಯಲೇಬೇಕು ಎಂಬುದು ನನ್ನ ಪಾಠ. ಶೋಭಾ ಬರೆದಿರಲಿಲ್ಲ. “ಹೊರಗಿನ ಟಿ ಒಳಗೂ ನಡೀತೈತ್ರಿ ಸರ್. ಮತ್ತ ಬರದ್ರ ಅದು ಬ್ಯಾರೆ ಟಿ ಆಗತೈತ್ರಿ” ಎಂದಳು. ಆ ಅಂಕ ಹೋದರೆ ಅವಳು ಇಂಟರ್ನಲ್ಸ್‌ನಲ್ಲಿ ಫೇಲು. ನಾನು ಎಲ್ಲ ವಿದ್ಯಾರ್ಥಿಗಳೆದುರು ಪ್ರೊಜೆಕ್ಟರ್ ಹಾಕಿ, ನನ್ನ ಪಾಠದಂತೆಯೇ ಟೈಪು ಮಾಡಿದೆ. ಟಿಯನ್ನು ಟಿ ಆಗಿ ಪರಿವರ್ತಿಸಲು ಬರುವುದಿಲ್ಲ ಎಂದು ಕಂಪ್ಯೂಟರು ಕೆಂಪಕ್ಷರದಲ್ಲಿ ಹೇಳಿತು. ಹೆಸರು ಒಂದೇ, ಆಸಾಮಿ ಬೇರೆ.

ಹುಡುಗರು ನಕ್ಕರು. ನನಗೆ ಹರಿಹರದ ನಮ್ಮ ಮನೆ ನೆನಪಾಯಿತು. ಅಜ್ಜನ ಹೆಸರು ಕೊಟ್ರಬಸಪ್ಪ. ಅದನ್ನೇ ನನಗೂ ಇಟ್ಟಿದ್ದರು. ಮಾವನ ಹೆಸರು ಬಾಯಲ್ಲಿ ಹೇಳಬಾರದೆಂದು ಅವ್ವ ನನ್ನನ್ನು ಸಣ್ಣಪ್ಪ ಎಂದೇ ಕರೆದಳು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹೆಸರು ಕೇಳಿದರೆ “ನಮ್ಮ ಮಾವನೋರದ್ದೇ ಬರ್ಕಳ್ರಿ” ಎಂದಳಂತೆ. ಬೀದಿಯಿಂದ ಯಾರಾದರೂ “ಕೊಟ್ರಬಸಪ್ಪ ಅದಾರೇನ್ರಿ?” ಎಂದರೆ ನಾನು ಚಡ್ಡಿ ಏರಿಸಿಕೊಳ್ಳುತ್ತ ಓಡಿಹೋಗಿ “ಅದೀನಿ, ಬರ್ರಿ” ಎನ್ನುತ್ತಿದ್ದೆ. ಒಮ್ಮೆ ಕೊಕ್ಕನೂರಿನವರೊಬ್ಬರು ತಮಾಷೆಗೆ ನನ್ನೆದುರು ಕೈಕಟ್ಟಿ ನಿಂತು “ಎತ್ತು ಕೊಡ್ತೀರೇನ್ರಿ ಯಜಮಾನ್ರೆ?” ಎಂದರು. “ಒಯ್ರಿ” ಎಂದುಬಿಟ್ಟೆ. ಬಿತ್ತನೆಯ ಕಾಲ, ಎತ್ತು ನಮಗೇ ಬೇಕಿತ್ತು. ಅಜ್ಜ ಒಳಗಿಂದ ಬಂದವನು ಬೈಯಲಿಲ್ಲ. “ಯಜಮಾನ್ರು ಮಾತು ಕೊಟ್ಟಾರಲ್ಲ, ಎರಡು ದಿನ ಇಟ್ಕಳ್ರಿ” ಎಂದ. ಅಂಥ ಅಜ್ಜ ಈಗಿಲ್ಲ. ಆ ಹೆಸರಿಗೆ ಓಗೊಡುವವನು ನಾನೊಬ್ಬನೇ ಉಳಿದಿದ್ದೇನೆ, ಕೆಲವು ಸಲ ಅದಕ್ಕೆ ಬಹಳ ಬೇಜಾರಾಗುತ್ತದೆ.

ಅಜ್ಜ ನೆನಪಾದ ಮೇಲೆ ಹಟ ಹಿಡಿಯಲು ನಾಚಿಕೆಯಾಯಿತು. ಸೊನ್ನೆ ಹೊಡೆದುಹಾಕಿ ಶೋಭಾಗೆ ಪೂರ್ತಿ ಅಂಕ ಕೊಟ್ಟೆ. ಕೂಡಲೇ ಉಳಿದವರೆಲ್ಲ ಮೇಜಿನ ಸುತ್ತ ಮುತ್ತಿದರು. “ಸರ್, ನಾವೆಲ್ಲ ನಿಮ್ಮ ನೋಟ್ಸ್ ನೋಡೇ ಬರದೀವಿ. ನಮ್ಮ ಮಾರ್ಕ್ಸ್ ತೆಗೀಬ್ಯಾಡ್ರಿ.” ನನ್ನ ತಪ್ಪನ್ನು ಇಷ್ಟು ಮುತುವರ್ಜಿಯಿಂದ ಬಾಯಿಪಾಠ ಮಾಡಿದವರನ್ನು ದಂಡಿಸುವುದು ಹೇಗೆ? ಬಿಟ್ಟೆ. ಎಲ್ಲರೂ ಹೋದ ಮೇಲೆ ಶೋಭಾಳನ್ನು ಕೇಳಿದೆ, “ಇಷ್ಟು ಸರಿಯಾಗಿ ನಿನಗ ಹೆಂಗ ತಿಳೀತಮ್ಮ?”

ಅವಳು ಸಂಕೋಚದಿಂದ ಬ್ಯಾಗು ಹೆಗಲಿಗೇರಿಸಿಕೊಂಡಳು. “ನೀವು ಆ ಪಾಠ ಮಾಡಿದ ದಿನ ನಾನು ಕಾಲೇಜಿಗೆ ಬಂದಿರಲಿಲ್ರಿ ಸರ್.”