ಕಾಲು ನೆಲಕ್ಕ ಮುಟ್ಟದ ಗಾಡಿ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಮೋಟರ್ ಸೈಕಲ್ ಗಾಡಿ ತಗೊಳ್ಳೋದು ಅಂದ್ರ ಒಬ್ಬರ ಕೆಲಸ ಅಲ್ಲರಿ. ಒಬ್ಬ ಮನಸ್ಸು ಮಾಡಿದ್ರ ಸಾಕು, ಬೀಗರು, ಆಫೀಸಿನವರು, ಚಹಾದ ಅಂಗಡಿಯವರು, ದಾರಿ ಹಿಡದು ಹೋಗೋರು, ಎಲ್ಲಾರೂ ಅದರಾಗ ಕೈ ಹಾಕ್ತಾರ. ಹಿಂಗಾಗಿ ಗಾಡಿ ಮನಿಗೆ ಬರೋಕ್ಕಿಂತ ಮೊದಲು ನಗಿ ಬಂದು ಕೂತಿರ್ತದ.

ನಾ ಪಶು ದವಾಖಾನಿ ಇನ್ಸ್‌ಪೆಕ್ಟರ್. ಮನಿ ಆಳಂದ. ವಾರಕ್ಕೊಮ್ಮೆ ಮೀಟಿಂಗಿಗೆ ಕಲಬುರಗಿ ಗದ್ದಲದಾಗ ಹೋಗಬೇಕು, ಉಳಿದ ದಿನ ನರೋಣಾ, ಹಿರೋಳ್ಳಿ, ಖಜೂರಿ ಅಂತ ಹಳ್ಳಿ ತಿರಗಬೇಕು. ಹೆಂಡತಿಗೆ ಸಮುದ್ರ ನೋಡೋ ಆಸೆ. ಬಸ್ ಹತ್ತಿದ್ರ ಆಕಿಗೆ ವಾಂತಿ, ಕಾರು ನಮ್ಮಲ್ಲಿಲ್ಲ. ಅದಕ್ಕ ಊರಾಗೂ ನಡೀಬೇಕು, ವರ್ಷಕ್ಕೊಮ್ಮೆ ಕೊಂಕಣದ ತನಕಾನೂ ಹೋಗಬೇಕು, ಅಂಥಾ ಗಾಡಿ ಬೇಕಾಗಿತ್ತು. ತೊಡಕು ಒಂದೇ. ಅಂಥಾ ಗಾಡಿ ಎಲ್ಲಾ ಎತ್ತರ, ನಾ ಗಿಡ್ಡ. ಬಾಗಿಲದ ಮೇಲಿನ ಚಿಲಕ ಹಾಕಬೇಕಾದ್ರ ಇವತ್ತಿಗೂ ಹೆಂಡತಿನ್ನ ಕರೀತೇನಿ.

೧. ಎತ್ತಿನ ಬದಲಿಗೆ ಗಾಡಿ

ಮಳಿಗಾಲದಾಗ ಅಫಜಲಪುರ ಕಡೆ ಎರಿ ಭೂಮ್ಯಾಗ ಗಾಡಿ ಹೊಡದೋರಿಗೇ ಅದರ ಸುಖ ಗೊತ್ತು. ಆ ಕರಿ ಮಣ್ಣು ಗಾಲಿಗೆ ಮೆತ್ತಿಕೊಂಡು, ಗಾಲಿಗೂ ಮಡ್‌ಗಾರ್ಡಿಗೂ ನಡುವ ತುಂಬಿ, ಗಚ್ಚು ಹಾಕಿದಂಗ ಬಿಗೀತದ. ಅವತ್ತು ಒಬ್ಬ ರೈತ ಫೋನ್ ಮಾಡಿ, ‘ಸಾಹೇಬ್ರ, ಎತ್ತು ಮೇವು ಬಿಟ್ಟು ಮಕ್ಕೊಂಡದ, ಜಲ್ದಿ ಬರ್ರಿ’ ಅಂದಿದ್ದ. ಹೊಲದ ದಾರ್ಯಾಗ ನನ್ನ ಹಳೇ ಗಾಡಿ ಸಿಕ್ಕೊಂಡು ನಿಂತುಬಿಡ್ತು. ಕಟ್ಟಿಗಿ ತಗೊಂಡು ಗಾಲ್ಯಾಗಿನ ಮಣ್ಣು ಕೆದರಾಕ ಕೂತೆ. ಕೆದರಿದಷ್ಟೂ ತುಂಬಾಕತ್ತಿತ್ತು.

ಅಷ್ಟರಾಗ ಸೊಲ್ಲಾಪುರ ಕಡೆಯವ ಯಾರೋ ಒಬ್ಬ ಅದೇ ಕೆಸರಿನಾಗ ಬಂದ ನೋಡ್ರಿ. ಎತ್ತರದ ಗಾಡಿ, ಮುಂದ ಹಕ್ಕಿ ಕೊಕ್ಕಿನಂಗ ಮಡ್‌ಗಾರ್ಡು, ಅದೂ ಗಾಲಿಯಿಂದ ಗೇಣುದ್ದ ಮ್ಯಾಲೆ. ಮಣ್ಣು ಹತ್ತಾಕತ್ತಿತ್ತು, ತಾನೇ ಉದುರಾಕತ್ತಿತ್ತು. ಅವ ಸೀಟು ಬಿಟ್ಟು ಎದ್ದು ನಿಂತು, ಕೈ ಬೀಸಿ, ನನ್ನ ಮುಂದ ಹಾದು ಹೋಗೇಬಿಟ್ಟ. ಏನ್ ಚಂದ ಅಂತೀನಿ! ನನ್ನ ಜೀವ ಅದರ ಹಿಂದ ಹೋತು, ದೇಹ ಮಾತ್ರ ಕೆಸರಿನಾಗ ಉಳೀತು.

ಆಮೇಲೆ ನನ್ನ ಫೋನ್ ಕೇಳಿ ಆ ರೈತ ಒಂದು ಎತ್ತು ಹಿಡಕೊಂಡು ಬಂದ. ನನ್ನ ಗಾಡಿಗೆ ಹಗ್ಗ ಕಟ್ಟಿ, ಎತ್ತು ಹೂಡಿ, ದಡಾದಡಾ ಎಳದು ಡಾಂಬರ ರಸ್ತಾಕ್ಕ ತಂದು ನಿಲ್ಲಿಸಿದ.

‘ಭೇಷ್ ಎತ್ತು ಅದಪ್ಪ. ಮೇವು ಬಿಟ್ಟದ್ದು ಎಲ್ಲದ?’ ಅಂದೆ.

‘ಇದೇರಿ ಅದು. ನೀವು ಸಿಕ್ಕೊಂಡೀರಿ ಅಂತ ಅದರ ಮುಂದ ಹೇಳಿದೆ, ಎದ್ದು ನಿಂತ್ತು.’

ನಾ ಎತ್ತಿನ ಮೈ ಮುಟ್ಟಿ ನೋಡಿ, ‘ಇದಕ್ಕೇನೂ ಆಗಿಲ್ಲ, ಆರಾಮ ಅದ’ ಅಂದೆ.

‘ಎತ್ತು ಆರಾಮ ಅದರಿ. ತಂದ ಇಂಜೆಕ್ಷನ್ ಹಾಳಾಗೋದು ಬ್ಯಾಡ, ಆ ಗಾಡಿಗೆ ಮಾಡ್ರಿ’ ಅಂದ.

೨. ಆಟೋದೊಳಗಿನ ಕಾಲು

ಮನಿಗೆ ಬಂದವನೇ ಹೇಳಿಬಿಟ್ಟೆ: ತಗೊಂಡ್ರ ಎತ್ತರದ ಅಡ್ವೆಂಚರ್ ಗಾಡಿನೇ ತಗೊಳ್ತೇನಿ.

ಹೆಂಡತಿ ಹೂಂ ಅಂದ್ಲು. ನಮ್ಮ ಅವ್ವ ಊಹೂಂ ಅಂದ್ಲು. ನಮ್ಮ ಮನ್ಯಾಗ ದನ ಬರಲಿ, ಟಿವಿ ಬರಲಿ, ಸೊಸಿ ಬರಲಿ, ಅವ್ವ ಹೂಂ ಅಂದ್ರೇ ಹೊಸ್ತಿಲ ದಾಟೋದು. ‘ಕುಂತಾಗ ನಿನ್ನ ಎರಡೂ ಕಾಲು ನೆಲಕ್ಕ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಅದು ಗಾಡಿ ಅಲ್ಲ, ಜೋಕಾಲಿ. ನನ್ನ ಮನ್ಯಾಗ ಜೋಕಾಲಿ ಬ್ಯಾಡ’ ಅಂದ್ಲು. ಆಫೀಸಿನಾಗ ಕೇಳಿದ್ರ ಅವರೂ, ‘ನಿಮ್ಮ ಕಾಲಿಗೆ ಸ್ಕೂಟಿ ಬರಾಬರಿ ಆಗ್ತದ ಬಿಡ್ರಿ’ ಅಂತ ನಕ್ರು.

ಅಫಜಲಪುರದಾಗ ನನ್ನ ಒಬ್ಬ ದೋಸ್ತ್ ಇದ್ದಾನ, ಬ್ಯಾಂಕಿನಾಗ ಕೆಲಸ. ಅವನ ಕಡೆ ಅಂಥಾ ಗಾಡಿ ಇತ್ತು. ‘ಒಂದು ವಾರ ಹೊಡಿ, ರೂಢಿ ಆಗ್ತದ’ ಅಂತ ಚಾವಿ ಕೊಟ್ಟು, ನನ್ನ ಹಳೇ ಗಾಡಿ ತಾ ತಗೊಂಡ. ಅವ ಆರಡಿ ಆಳು. ನನ್ನ ಗಾಡಿ ಮ್ಯಾಲೆ ಅವನ ಮೊಣಕಾಲು ಕಿವಿಗೆ ಬರಾಕತ್ತಿದ್ವು, ಅವನ ಗಾಡಿ ಮ್ಯಾಲೆ ನನ್ನ ಕಾಲು ಗಾಳ್ಯಾಗ ತೂಗಾಡಾಕತ್ತಿದ್ವು. ಆದ್ರ ಖರೆ ಹೇಳ್ತೇನಿ, ಓಡಾಕತ್ತಿದ ಮ್ಯಾಲೆ ಅದರಂಥಾ ಗಾಡಿ ಇಲ್ಲ. ಅಗಲ ಹ್ಯಾಂಡಲ್, ನೆಟ್ಟಗ ಕೂಡಬಹುದು, ಬೆನ್ನು ನೋಯಂಗಿಲ್ಲ, ತೆಗ್ಗು ಬಂದ್ರ ಬಂದದ್ದೇ ಗೊತ್ತಾಗಂಗಿಲ್ಲ. ಕಲಬುರಗಿ ಗದ್ದಲದಾಗ ಮುಂದಿನ ಟೆಂಪೋದ ತಲಿ ಮ್ಯಾಲಿಂದ ರಸ್ತಾ ಕಾಣ್ತದ. ರಾಜ್ಯಾನೇ ನನ್ನದು ಅನಸ್ತದ. ನಿಲ್ಲಿಸೋದೊಂದೇ ಕಷ್ಟ.

ಸಿಗ್ನಲ್ಲಿಗೆ ನಿಂತ್ರ ಎಡಗಾಲು ಎಲ್ಲಿ ಇಡಬೇಕು? ಫುಟ್‌ಪಾತ್ ಸಿಕ್ರ ಅದರ ಮ್ಯಾಲೆ. ಒಂದು ಸಿಗ್ನಲ್ಲಿನಾಗ ಅದೂ ಇರಲಿಲ್ಲ. ಗಾಡಿ ವಾಲಾಕತ್ತು. ಬಾಜೂಕ ನಿಂತಿದ್ದ ಆಟೋದೊಳಗ, ಹಿಂದಿನ ಸೀಟಿನ ಮುಂದ, ಕಾಲು ಊರಿಬಿಟ್ಟೆ. ಒಳಗ ಕುಂತಿದ್ದ ಮುದುಕಿ ಚೀಲ ಎತ್ತಿ ಎದಿಗವಚಿಕೊಂಡ್ಲು.

‘ಮಾಫ್ ಮಾಡು ಭಾಯಿ’ ಅಂದೆ ಆಟೋದವನಿಗೆ.

ಅವ ಹಿಂದ ತಿರುಗಿ ನನ್ನ ಬೂಟು ನೋಡಿದ, ಗಾಡಿ ನೋಡಿದ, ನನ್ನ ನೋಡಿದ. ‘ಅರೇ ಸಾಬ್, ಫಿಕರ್ ಮತ್ ಕರೋ. ಕಾಲು ಇಡ್ರಿ. ಹಸಿರು ಬಿದ್ದ ಮ್ಯಾಲೆ ಅಷ್ಟ ನೆನಪಿಲೆ ತಕ್ಕೋರಿ. ಇಲ್ಲಂದ್ರ ಕಾಲಿಂದು ಹಾಫ್ ಟಿಕೆಟ್ ಆಗ್ತದ’ ಅಂದ.

ಮರುದಿನ ಮೋಚಿ ಕಡೆ ಹೋಗಿ ಬೂಟಿಗೆ ದಪ್ಪ ತಳ ಹಚ್ಚಿಸ್ಕೊಂಡು ಬಂದೆ. ಹೆಂಡತಿ ನನ್ನ ಬಾಜೂಕ ಬಂದು ನಿಂತು, ಭುಜಕ್ಕ ಭುಜ ಹಚ್ಚಿ ನೋಡಿ, ಸಿಟ್ಟಾದ್ಲು. ‘ಈ ಬೂಟು ಮದುವಿ ದಿನಾನೇ ಹಾಕ್ಕೋಬಾರದಾಗಿತ್ತೇನ್ರಿ? ಎಲ್ಲಾ ಫೋಟೋದಾಗೂ ನನ್ನ ಕುಂದ್ರಿಸಿ ತಗಿಸೀರಿ!’

೩. ಪೆಟ್ಟಿಗ್ಯಾಗ ಏನದ?

ದೋಸ್ತನ ಗಾಡಿಗೆ ಎರಡೂ ಕಡೆ ದೊಡ್ಡ ದೊಡ್ಡ ಪೆಟ್ಟಿಗಿ ಇದ್ವು. ದೂರ ಹೋಗೋರು ಅರಿವಿ-ಅಂಚಡಿ ಇಟ್ಕೊಳ್ಳಾಕ. ನಾ ಅದರಾಗ ಬರ್ಫ್ ಹಾಕಿ ದನದ ಕಾಲುಬಾಯಿ ಬ್ಯಾನಿ ಲಸಿಕಿ ಇಟ್ಕೊಂಡು ಖಜೂರಿ ಕಡೆ ಹೊರಟೆ. ಇಷ್ಟು ದಿನ ಹೆಗಲಿಗೆ ಜೋತು ಹಾಕ್ಕೊಂಡು ಭುಜ ಬಿದ್ದು ಹೋಗಿತ್ತು, ಅವತ್ತು ಹೂ ಹೊತ್ತಂಗ ಆತು. ಗಾಡಿ ಮಾಡಿದವನ ಕೈಗೆ ಮುತ್ತು ಕೊಡಬೇಕು ಅನಸ್ತು.

ಲಾರಿ ನಿಲ್ಲೋ ಹೊಟೇಲಿನ ಮುಂದ ಚಹಾಕ್ಕ ನಿಲ್ಲಿಸಿದೆ. ನಾ ಕಪ್ಪು ಹಿಡಿಯೋದರಾಗ ಗಾಡಿ ಸುತ್ತ ಮಂದಿ. ಒಬ್ಬ ಪೆಟ್ಟಿಗಿ ಮುಟ್ಟಿದ. ‘ತಣ್ಣಗದ!’ ಅಂದ. ಅಷ್ಟೇ ಸಾಕಾತು. ‘ಕುಲ್ಫಿ ಬಂದದ’ ಅಂತ ಹೆಣ್ಣುಮಕ್ಕಳು ಗಿಲಾಸ್ ಹಿಡಕೊಂಡು ಬಂದು ಸಾಲು ನಿಂತ್ರು.

‘ಕುಲ್ಫಿ ಅಲ್ಲರ್ಯವ್ವ, ದವಾ’ ಅಂತ ಪೆಟ್ಟಿಗಿ ತೆಗದು ಸೂಜಿ ತೋರಿಸಿದೆ. ಮಂದಿ ಕಣ್ಣು ಮುಚ್ಚಿ ತೆಗಿಯೋದರಾಗ ಖಾಲಿ. ಒಬ್ಬ ವಯಸ್ಸಾದ ಮುತ್ಯಾ ಮಾತ್ರ ಹೋಗಲಿಲ್ಲ. ಧೋತರ ಮ್ಯಾಲೆ ಸರಿಸಿ, ನೋಯೋ ಮೊಣಕಾಲು ಮುಂದ ಮಾಡಿದ.

‘ಹಂಗಾದ್ರ ಇಲ್ಲೊಂದು ಹಾಕ್ರಿ.’

‘ಮುತ್ಯಾ, ಇದು ದನಕ್ಕ ಹಾಕೋದು!’

‘ನಡೀತದ ಹಾಕ್ರಿ. ನಮ್ಮ ಮನ್ಯಾಗ ನನ್ನ ದನಾ ಅಂತೇ ಕರೀತಾರ’ ಅಂದ.

೪. ಟವೆಲ್ಲಿನೊಳಗ ಮಾತುಕತಿ

ಗಾಡಿ ನೋಡಾಕ ಕಲಬುರಗಿ ಶೋರೂಮಿಗೆ ಹೊರಟ್ರ, ‘ಒಬ್ಬರೇ ಹೋಗಬ್ಯಾಡ್ರಿ ಅಳಿಯಂದ್ರ’ ಅಂತ ನಮ್ಮ ಮಾವನವರು ಜೇವರ್ಗಿಯಿಂದ ಬಂದುಬಿಟ್ರು. ಅವರು ಎತ್ತಿನ ಸಂತ್ಯಾಗ ಹೆಸರು ಮಾಡಿದ ಮನಿಶ್ಯಾ. ಅವರು ಆರಿಸಿ ಕೊಟ್ಟ ಎತ್ತು ಕೆಟ್ಟದ್ದು ಅಂತ ಈ ತನಕ ಯಾರೂ ಅಂದಿಲ್ಲ. ಹಂಗ ನೋಡಿದ್ರ ಅಳಿಯನ್ನ ಆರಿಸೋದರಾಗ ಅಷ್ಟ ಸ್ವಲ್ಪ ತಪ್ಪಿದ್ರು ಅಂತ ಮನ್ಯಾಗಿನ ಮಾತು.

ಮಾವ ಗಾಡಿ ಸುತ್ತ ಒಂದು ಸುತ್ತು ಬಂದ್ರು. ಹಿಂದ ನಿಂತು ಎರಡೂ ಗಾಲಿ ಒಂದೇ ಗೆರ್‍ಯಾಗ ಅದಾವೇನು ನೋಡಿದ್ರು. ಸೀಟಿನ ಮ್ಯಾಲೆ ಅಂಗೈ ಇಟ್ಟು ಭಾರ ಹಾಕಿ ಒತ್ತಿದ್ರು. ಗಾಡಿ ಬಗ್ಗಿ, ಮೆಲ್ಲಕ ಎದ್ದು ನಿಂತ್ತು. ‘ಬೆನ್ನು ಭೇಷ್ ಅದ’ ಅಂದ್ರು. ಟ್ಯಾಂಕಿಗೆ ಛಟ್ ಅಂತ ಒಂದು ಏಟು ಹಾಕಿ, ‘ಬೆಚ್ಚಲಿಲ್ಲ, ಸ್ವಭಾವ ಶಾಂತ’ ಅಂದ್ರು. ಸೇಲ್ಸ್‌ಮನ್ ಹುಡುಗ ಬಾಯಿ ತಕ್ಕೊಂಡು ನೋಡಾಕತ್ತಿದ್ದ. ನನಗ ಮಾತ್ರ ಅಭಿಮಾನ ಉಕ್ಕಿ ಬಂತು. ನಾ ಮೊಬೈಲಿನಾಗ ವಾರಗಟ್ಟಲೆ ನೋಡಿ ತಿಳಕೊಂಡದ್ದನ್ನ ಅವರು ಅಂಗೈಲೇ ತಿಳಕೊಂಡ್ರು.

ಆಮೇಲೆ ವ್ಯಾಪಾರ. ಎತ್ತಿನ ಸಂತ್ಯಾಗ ರೇಟು ಬಾಯಿಲೆ ಹೇಳೋ ರಿವಾಜಿಲ್ಲ. ಟವೆಲ್ಲಿನೊಳಗ ಇಬ್ಬರೂ ಕೈ ಹಾಕಿ, ಬೆರಳು ಹಿಡದು ಸನ್ನಿಲೆ ಮಾತಾಡ್ತಾರ, ಮಗ್ಗಲಿದ್ದವರಿಗೆ ಗೊತ್ತಾಗಬಾರದು ಅಂತ. ಮಾವ ಹೆಗಲ ಮ್ಯಾಲಿನ ಟವೆಲ್ ತೆಗದು ಸೇಲ್ಸ್‌ಮನ್ ಕೈ ಮ್ಯಾಲೆ ಹೊದಿಸಿ, ಒಳಗ ಅವನ ಬೆರಳು ಹಿಡದು ಹಿಚುಕಾಕ ಸುರು ಮಾಡಿದ್ರು. ಮುಖ ಮಾತ್ರ ಫ್ಯಾನ್ ಕಡೆ.

ಹುಡುಗ ಬೆವತು ಹೋದ. ‘ಸರ್, ಇವರು ಯಾಕ ನನ್ನ ಬೆರಳು ತಿರುವಾಕತ್ತಾರ್ರಿ?’

‘ಸುಮ್ಮನ ನಿಲ್ಲಪ್ಪ, ವ್ಯವಹಾರ ನಡದದ’ ಅಂದೆ.

ಗದ್ದಲ ಕೇಳಿ ಒಳಗಿಂದ ಮ್ಯಾನೇಜರ್ ಬಂದ. ಸೂಟು, ಬೂಟು, ಟೈ. ಟವೆಲ್ ನೋಡಿದ ಕೂಡ್ಲೇ ಅವನ ಮುಖ ಅರಳಿತು. ಹುಡುಗನ್ನ ಸರಿಸಿ, ತೋಳು ಮ್ಯಾಲೇರಿಸಿ, ತನ್ನ ಕೈ ತೂರಿಸಿದ. ಇಬ್ಬರೂ ಬಾಯಿ ಬಿಡದಂಗ ಬಾಳ ಹೊತ್ತು ನಿಂತ್ರು. ಕಡೀಕ ಮಾವ ನಕ್ಕು ಟವೆಲ್ ಝಾಡಿಸಿದ್ರು: ಎರಡು ಹೆಲ್ಮೆಟ್, ಮುಂದಿನ ಗಾರ್ಡು ಪುಕ್ಕಟೆ! ‘ನಮ್ಮ ಬೀಗತಿ ಒಪ್ಪಿದ್ರ ನಾಳಿಗೇ ಒಯ್ತೇವಿ’ ಅಂದ್ರು.

ಮ್ಯಾನೇಜರ್ ಕೈ ಮುಗದು ಅಂದ: ‘ಯಜಮಾನ್ರ, ಆ ಟವೆಲ್ ಒಂದು ಇಲ್ಲೇ ಬಿಟ್ಟು ಹೋಗ್ರಿ. ಮಂದಿ ಮುಂದ ಬಾಯಿ ಬಿಟ್ಟು ಡಿಸ್ಕೌಂಟ್ ಹೇಳಿ ಹೇಳಿ ನಾ ಮುಳುಗೀನಿ.’

೫. ಅವ್ವನ ಟೆಸ್ಟ್ ರೈಡ್

ಮರುದಿನ ಸೇಲ್ಸ್‌ಮನ್ ಗಾಡಿ ಹೊಡಕೊಂಡು ಆಳಂದಕ್ಕ ಬಂದ. ನಮ್ಮ ಮನಿ ಮುಂದ ಓಣಿನೇ ನೆರೀತು. ಇವತ್ತು ಅವ್ವ ಬ್ಯಾಡ ಅಂದ್ರ ಮುಗೀತು, ಜನ್ಮ ಪೂರ್ತಿ ಸ್ಕೂಟಿ.

ನಾ ದಪ್ಪ ತಳದ ಬೂಟು ಹಾಕ್ಕೊಂಡು, ಗಾಡಿ ಜಾಣತನಲೆ ಮನಿ ಕಟ್ಟಿ ಮಗ್ಗಲ ತಂದು, ಎಡಗಾಲು ಕಟ್ಟಿ ಮ್ಯಾಲೆ ಊರಿ, ‘ನೋಡವ್ವ, ಹ್ಯಾಂಗ ಕೂತೀನಿ’ ಅಂದೆ.

‘ಕಟ್ಟಿ ಬಿಟ್ಟು ಈ ಕಡೆ ಬಾ. ಬೂಟು ಕಳಿ’ ಅಂದ್ಲು ಅವ್ವ.

ಬೂಟು ಕಳದೆ. ಓಣಿ ನಡುವ ಬಂದೆ. ಒಂದು ಕಾಲಿನ ಹೆಬ್ಬೆರಳು ನೆಲಕ್ಕ ಮುಟ್ತು. ಇನ್ನೊಂದು ಕಾಲು ಮುಗಿಲು ನೋಡಾಕತ್ತಿತ್ತು. ಹಂಗೇ ಮೆಲ್ಲಕ, ನಾಚಿಕಿಲೆ ಮಲಗೋ ಎಮ್ಮಿಯಂಗ, ಗಾಡಿ ನನ್ನನ್ನೂ ಕರಕೊಂಡು ವಾಲಿಬಿಡ್ತು. ಓಣ್ಯಾಗಿನವರು ಹಿಡದು ನಿಲ್ಲಿಸಿದ್ರು. ಗಾಡಿಗೆ ಒಂದು ಗೀರೂ ಇಲ್ಲ. ನನ್ನ ಮರ್ಯಾದಿಗೆ ಮಾತ್ರ ಉದ್ದಕ ಬಿದ್ದಿತ್ತು.

‘ಮುಗೀತಲ್ಲ? ಒಯ್ಯಪ್ಪ ನಿನ್ನ ಜೋಕಾಲಿ’ ಅಂದ್ಲು ಅವ್ವ ಸೇಲ್ಸ್‌ಮನ್‌ಗೆ.

ಆಗ ಹೆಂಡತಿ ಮುಂದ ಬಂದ್ಲು. ‘ಅತ್ತಿ, ಇವರ ಕಾಲು ಬಿಡ್ರಿ. ಹಿಂದ ಕೂಡೋರಿಗೆ ಹ್ಯಾಂಗಾಗ್ತದ, ನೀವೇ ಒಮ್ಮೆ ಕುಂತು ನೋಡ್ರಿ. ಆಮೇಲೆ ಬ್ಯಾಡ ಅನ್ರಿ, ನಾನೂ ಬ್ಯಾಡ ಅಂತೀನಿ.’

‘ಕೂಡ್ತೀನಿ ತಡಿ. ಮುದುಕರಿಗೆ ಹತ್ತಾಕ ಬರಂಗಿಲ್ಲಂತ ತೋರಿಸೇಬಿಡ್ತೀನಿ’ ಅಂತ ಅವ್ವ ಗಾಡಿ ಮತ್ತ ಕಟ್ಟಿ ಮಗ್ಗಲ ತರಿಸಿ, ನನ್ನ ಮುಂದ ಕುಂದ್ರಿಸಿ, ಕಟ್ಟಿ ಏರಿ, ಸೀರಿ ಸಾವರಿಸಿ, ಅಲ್ಲಿಂದ ಸಲೀಸಾಗಿ ಹಿಂದಿನ ಸೀಟಿನ ಮ್ಯಾಲೆ ಕುಂತೇಬಿಟ್ಲು. ಆ ಸೀಟು ಮುಂದಿಂದಕ್ಕಿಂತ ಇನ್ನೂ ಎತ್ತರ. ನನ್ನ ತಲಿ ಆಕಿ ಗದ್ದದ ಕೆಳಗ. ‘ಹೊಡಿ’ ಅಂದ್ಲು.

ಮೆಲ್ಲಕ ಓಣ್ಯಾಗ ಹೊರಟೆ. ನಮ್ಮ ಮನಿ ಮಗ್ಗಲ ನಮ್ಮ ಕಾಕಿ ಮನಿ. ಅವ್ವಗೂ ಕಾಕಿಗೂ ಹೋದ ವರ್ಷದಿಂದ ಮಾತಿಲ್ಲ. ‘ನಮ್ಮ ಅಂಗಳದಾಗ ಹಣಿಕಿ ಹಾಕ್ತಾಳ’ ಅಂತ ಕಾಕಿ ನಡುವ ಎತ್ತರಕ ಗ್ವಾಡಿ ಕಟ್ಟಿಸಿದ್ಲು. ಅವತ್ತಿನಿಂದ ಅವ್ವಗ ಊಟ ರುಚಿ ಹತ್ತಿರಲಿಲ್ಲ. ಆ ಗ್ವಾಡಿ ಮಗ್ಗಲ ಗಾಡಿ ಬಂತು ನೋಡ್ರಿ, ಹಿಂದಿಂದ ಅವ್ವ ನನ್ನ ಹೆಗಲ ಗಬಕ್ಕನ ಹಿಡದ್ಲು.

‘ನಿಲ್ಲಸು, ನಿಲ್ಲಸು!’

ಬ್ರೇಕ್ ಹಾಕಿದೆ. ಕಾಲು ಊರಾಕ ಜಾಗ ಇಲ್ಲ, ಗ್ವಾಡಿಗೇ ಪಾದ ಒತ್ತಿ ನಿಂತೆ. ತಲಿ ಎತ್ತಿದ್ರ, ಗ್ವಾಡಿ ಆ ಕಡೆಯಿಂದ ಒಂದು ಮುಖ ಈ ಕಡೆ ನೋಡಾಕತ್ತದ. ನಮ್ಮ ಕಾಕಿ! ನಿಚ್ಚಣಿಕಿ ಹಚ್ಚಿ, ಅದರ ಮ್ಯಾಲೆ ದಿಂಬು ಇಟ್ಕೊಂಡು ಆರಾಮ ಕೂತು, ಬಾಯಾಗ ಎಲಿ ಅಡಿಕಿ ಹಾಕ್ಕೊಂಡು, ನಮ್ಮ ಮನಿ ಗದ್ದಲ ನೋಡಾಕತ್ತಿದ್ಲು. ಅವ್ವ, ಕಾಕಿ, ಇಬ್ಬರ ಮೂಗೂ ಮೊಳದ ದೂರ. ಕಾಕಿ ಮೆಲ್ಲಕ, ಮುಖ ಹಂಗೇ ಇಟ್ಕೊಂಡು, ಒಂದೊಂದೇ ಮೆಟ್ಟಲ ಇಳದು ಗ್ವಾಡಿ ಹಿಂದ ಮುಳುಗಿ ಹೋದ್ಲು.

ಅವ್ವ ಸೀಟಿನ ಮ್ಯಾಲೆ ನೆಟ್ಟಗ ಕುಂತು, ಕಾಕಿ ಅಂಗಳ ಈ ತುದಿಯಿಂದ ಆ ತುದಿ ತನಕ ಪುರುಸೊತ್ತಿಲೆ ನೋಡಿದ್ಲು.

‘ಈ ಗಾಡಿನೇ ತಗೋ’ ಅಂದ್ಲು. ‘ಇದಕ್ಕಿಂತ ಎತ್ತರದ್ದು ಇದ್ರ ಅದನ್ನೇ ತಗೋ.’

ನನಗ ಕಿವಿ ನಂಬಾಕ ಆಗಲಿಲ್ಲ. ‘ಅವ್ವ, ಮತ್ತ ಕಾಲು ನೆಲಕ್ಕ ಮುಟ್ಟಂಗಿಲ್ಲಲ್ಲ?’

‘ನೆಲಕ್ಕ ಯಾಕ ಮುಟ್ಟಬೇಕು? ಕಾಲು ಇಡಾಕ ಅಂತೇ ಆಕಿ ರೊಕ್ಕಾ ಹಾಕಿ ಗ್ವಾಡಿ ಕಟ್ಟಿಸಿ ಕೊಟ್ಟಾಳಲ್ಲ!’